ಗಿರಣಿಯ ಮಗ್ಗುಲ ಕೊಳಲು

"ಅಕ್ಕಾರ, ನಿಮ್ಮ ಕಂಟ್ರೋಲರ್ ಹೋದ್ರಂತ್ರಿ!"

ಸುದ್ದಿ ತಂದವನು ಸವಣೂರು ಬಸ್ಸಿನ ಕಂಡಕ್ಟರ್. ಮನೆಗೆ ಗೋಧಿ ಬೀಸಿಸಿಕೊಂಡು ಹೋಗಲು ಬಂದಿದ್ದ. ಗಿರಣಿಯ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. "ಏನಂದಿ?" ಅಂದೆ. ಅವನು ಬಾಯಿಗೆ ಕೈ ಹಚ್ಚಿ ಇನ್ನೊಮ್ಮೆ ಕೂಗಿದ. ಸತ್ತ ಸುದ್ದಿಯನ್ನು ಹೀಗೆ ಕೂಗಿ ಹೇಳಿಸಿಕೊಳ್ಳಬಾರದು. ಪಾಳಿಯಲ್ಲಿ ನಿಂತ ಹೆಣ್ಣುಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಗಿರಣಿಯ ಬಾಯಿಂದ ಯಾರದೋ ಗೋವಿನಜೋಳ ಇಳಿಯುತ್ತಿತ್ತು, ನಡುವೆ ನಿಲ್ಲಿಸುವ ಹಾಗಿರಲಿಲ್ಲ. ಅದು ಮುಗಿಯುವವರೆಗೆ ಹಿಟ್ಟಿನ ಚೀಲ ಹಿಡಿದುಕೊಂಡು ನಿಂತೆ. ಆಮೇಲೆ ಬಟನ್ ಒತ್ತಿ, ಅಲ್ಲೇ ಒಂದು ಡಬ್ಬಿಯ ಮೇಲೆ ಕುಳಿತೆ.

"ನಿಮ್ಮ ಕಂಟ್ರೋಲರ್" ಅಂದನಲ್ಲ, ಅದು ನಮ್ಮೂರ ಮಂದಿಯ ಕೊಂಕು. ಅವರು ನನಗೆ ಏನೂ ಆಗಬೇಕಾದವರಲ್ಲ. ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಹೇಳುತ್ತಿದ್ದ ಕಂಟ್ರೋಲರ್ ಅವರು. ನನ್ನ ಗಿರಣಿಯ ಮಗ್ಗುಲ ಖೋಲಿಯಲ್ಲಿ ಬಾಡಿಗೆಗಿದ್ದರು, ಅಷ್ಟೇ. ಆದರೆ ಗಂಡ ಸತ್ತ ಹೆಂಗಸು ಗಿರಣಿ ನಡೆಸುತ್ತಾಳೆ, ಗೋಡೆಯಾಚೆ ಒಬ್ಬ ಒಂಟಿ ಗಂಡಸು ಕೊಳಲು ಊದುತ್ತಾನೆ ಅಂದಮೇಲೆ ಎಲುಬಿಲ್ಲದ ನಾಲಿಗೆಗಳಿಗೆ ಇನ್ನೇನು ಬೇಕು? ನಾನೂ ಬಾಯಿ ಇಲ್ಲದವಳಲ್ಲ. ಯಾರಾದರೂ ಕೇಳಿದರೆ, "ಹೌದವಾ, ನಮ್ಮ ಕಂಟ್ರೋಲರ. ಬಸ್ ತಪ್ಪಿದ್ರ ನಿಮಗೂ ಅವರ ಬೇಕು" ಅಂದುಬಿಡುತ್ತಿದ್ದೆ.

ನಮ್ಮೂರಲ್ಲಿ ಅವರ ಮುಖ ಗುರುತಿದ್ದವರು ಕಡಿಮೆ, ದನಿ ಗುರುತಿಲ್ಲದವರು ಇಲ್ಲವೇ ಇಲ್ಲ. "ಹಂಸಭಾವಿ ಮಾರ್ಗವಾಗಿ ಹಾವೇರಿಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ." ಸಂತೆಯ ದಿನ ಆ ದನಿ ಹತ್ತಿಯ ಗಾಡಿಗಳ ಗಲಾಟೆಯನ್ನೂ ದಾಟಿ ನನ್ನ ಗಿರಣಿಯವರೆಗೆ ಬರುತ್ತಿತ್ತು. ಮೈಕಿನಲ್ಲಿ ಪುಸ್ತಕದ ಕನ್ನಡ, ಖೋಲಿಗೆ ಬಂದರೆ ನಮ್ಮ ಮಾತು. ಆದರೆ ಒಂದು ಚಾಳಿ ಎರಡೂ ಕಡೆ ಇತ್ತು. ಮೊದಲು ಸಣ್ಣಗೆ ಕೆಮ್ಮುವುದು, ಆಮೇಲೆ ಹೇಳಿದ್ದನ್ನೇ ಎರಡು ಸಲ ಹೇಳುವುದು.

"ಅಕ್ಕಾರ, ನಳಾ ಬಂದಾವ್ರಿ. ನಳಾ ಬಂದಾವ್ರಿ."

"ಯಾವ ಅಂಕಣಕ್ಕ ಬಂದಾವ್ರಿ?" ಅನ್ನುತ್ತಿದ್ದೆ ನಾನು.

ಅವರು ನಗುತ್ತಿರಲಿಲ್ಲ. ಸ್ವಲ್ಪ ಹೊತ್ತು ವಿಚಾರ ಮಾಡಿ, "ಹಿತ್ತಲದಾಗ್ರಿ" ಅನ್ನುತ್ತಿದ್ದರು. ಆಮೇಲೆ ಖೋಲಿಯೊಳಗೆ ಹೋಗಿ ಒಬ್ಬರೇ ನಗುವುದು ಗೋಡೆಯ ಮೂಲಕ ಕೇಳುತ್ತಿತ್ತು.

ಆ ಖೋಲಿಯಲ್ಲಿ ಅವರಿಗಿಂತ ಮೊದಲು ಯಾರೂ ನೆಟ್ಟಗೆ ನಿಂತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಿರಣಿಯ ಗುಂಯ್ ಅನ್ನುವ ಸಪ್ಪಳ, ಕಿಟಕಿಯ ಸಂದಿಯಲ್ಲಿ ಹಿಟ್ಟು, ಗೋಡೆ ಮುಟ್ಟಿದರೆ ನಡುಗು. ಬಂದವರೆಲ್ಲ ತಿಂಗಳೊಪ್ಪತ್ತಿನಲ್ಲಿ ಗಂಟು ಕಟ್ಟುತ್ತಿದ್ದರು. ಇವರು ಖೋಲಿ ನೋಡಲು ಬಂದಾಗ ನಾನೇ ಮುಂಚಿತವಾಗಿ ಹೇಳಿದೆ, "ಸಪ್ಪಳಾ ಭಾಳ ಐತ್ರಿ, ಆಮ್ಯಾಲೆ ನನ್ನ ಬೈಬ್ಯಾಡ್ರಿ." ಅವರು ಗೋಡೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು, ಎಮ್ಮೆಯ ಮೈ ಸವರಿ ನೋಡುವವರ ಹಾಗೆ.

"ನನಗ ಸಪ್ಪಳಾನ ಬೇಕ್ರಿ. ಸಪ್ಪಳಿಲ್ಲದ ಮನ್ಯಾಗ ಇದ್ದು ಸಾಕಾಗೇತ್ರಿ" ಅಂದರು.

ಹೆಂಡತಿ ಮದುವೆಯಾದ ಸ್ವಲ್ಪ ವರ್ಷಕ್ಕೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಸವಣೂರಿನಲ್ಲಿ ಒಬ್ಬ ಅಕ್ಕ. ಇಷ್ಟನ್ನು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ದಿನವಿಡೀ ಊರಿಗೆಲ್ಲ ಮಾತಾಡಿ ಯಾರ ಕೂಡೆಯೂ ಮಾತಾಡದ ಮನುಷ್ಯ ಅವರು. ಮೈಕಿಗೆ ತಿರುಗಿ ಯಾರೂ ಉತ್ತರ ಕೊಡುವುದಿಲ್ಲವಲ್ಲ, ಆ ರೂಢಿ ಮೈಗಂಟಿಬಿಟ್ಟಿತ್ತು ಅಂತ ಕಾಣುತ್ತದೆ. ಕಿವಿ ಕೇಳದ ಯಾವುದೋ ಮುದುಕಿ ರಟ್ಟೀಹಳ್ಳಿಯ ಬಸ್ಸು ಬಿಟ್ಟು ಕುಳಿತಿದ್ದರೆ ಮಾತ್ರ ಮೈಕು ಇಟ್ಟು ಹೊರಗೆ ಬಂದು, ಕೈ ಹಿಡಿದು ಮುಂದಿನ ಬಸ್ಸಿಗೆ ಹತ್ತಿಸುತ್ತಿದ್ದರು. "ಬಸ್ ತಪ್ಪಿದ್ರ ಅಳಬಾರದ್ರಿ ಯವ್ವಾ, ಕುಂದರಾಕ ಬೆಂಚ ಸಿಕ್ತು ಅನ್ನಬೇಕು" ಅನ್ನುವುದು ಅವರ ಮಾತು. ಅದನ್ನೂ ಎರಡು ಸಲ ಹೇಳುತ್ತಿದ್ದರು.

ಕೊಳಲಿನ ಹುಚ್ಚು ಹತ್ತಿದ್ದು ನೌಕರಿಯ ಕಡೆಗಾಲದಲ್ಲಿ. ಗಳಕ್ಕೆ ಕೊಳಲು ಸಿಗಿಸಿಕೊಂಡು ಊರೂರು ತಿರುಗುವ ವ್ಯಾಪಾರಿಯೊಬ್ಬ ಶಿಗ್ಗಾವಿಯ ಬಸ್ಸು ಕಾಯುತ್ತ ಅವರ ಕಿಟಕಿಯ ಮುಂದೆ ಊದುತ್ತ ಕುಳಿತಿದ್ದನಂತೆ. ಇವರು ಒಂದು ಕೊಂಡು ತಂದರು. ಬಿದಿರಿನ ಆ ಕೊಳಲು ಬೇಸಿಗೆಯ ಬಿಸಿಲಿಗೆ ಟಪ್ ಅಂತ ಸೀಳಿತು. ಅದರಿಂದ ಒಂದು ದನಿಯೂ ಹೊರಟಿರಲಿಲ್ಲ, ಅದು ಬೇರೆ ಮಾತು. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಇವರು ಮನೆ ವೈರಿಂಗ್ ಮಾಡುವವರ ಹತ್ತಿರ ಉಳಿದ ಬಿಳಿ ಪೈಪಿನ ತುಂಡುಗಳನ್ನು ಕೇಳಿ ತಂದು, ಮೊಳೆ ಕೆಂಪಗೆ ಕಾಸಿ ತೂತು ಸುಡಲು ಕುಳಿತರು. ಸುಟ್ಟ ಪ್ಲಾಸ್ಟಿಕ್ಕಿನ ನಾತ ಗಿರಣಿಗೆಲ್ಲ ಹಬ್ಬಿತು. ಮೋಟರು ಸುಟ್ಟಿತೆಂದು ನಾನು ಓಡಿ ಹೊರಗೆ ಬಂದೆ.

"ಏನ್ ಸುಡಾಕತ್ತೀರಿ? ಗಿರಣಿಗೆ ಬೆಂಕಿ ಹಚ್ಚೋ ವಿಚಾರ ಐತೇನು?"

"ಕೊಳಲ ಮಾಡಾಕತ್ತೇನ್ರಿ. ಕೊಳಲ" ಅಂದರು, ಕೈಯಲ್ಲಿ ಹೊಗೆಯಾಡುವ ಮೊಳೆ ಹಿಡಿದುಕೊಂಡು.

ಪೈಪಿನ ಒಂದು ತುದಿ ಮುಚ್ಚಬೇಕಲ್ಲ, ಅದಕ್ಕೆ ನನ್ನ ಗಿರಣಿಯ ಮುಂದೆ ಬಿದ್ದಿದ್ದ ಗೋವಿನಜೋಳದ ತೆನೆಯ ಬೆಂಡು ಕೆತ್ತಿ ಬೆಣೆ ಹೊಡೆದರು. ಊದುವ ತೂತು ಮೊದಲ ಸಲ ದೊಡ್ಡದಾಯಿತು, ಎರಡನೆಯ ಸಲ ಓರೆಯಾಯಿತು. ಎಷ್ಟು ಪೈಪು ಕೆಟ್ಟವೋ ಲೆಕ್ಕ ಇಟ್ಟವರಾರು? ಕೆಟ್ಟವನ್ನು ನನ್ನ ಹಿತ್ತಲಿನ ಚೆಂಡುಹೂವಿನ ಗಿಡಗಳಿಗೆ ಆಸರೆಯಾಗಿ ನೆಟ್ಟರು. ಮಳೆಗಾಲ ಬರುವಷ್ಟರಲ್ಲಿ ಗಿಡಕ್ಕೊಂದು ಕೊಳಲಾಗಿತ್ತು.

ಕೊಳಲು ಕಲಿಯುವವರು ಮೊದಲು ಏನು ಕಲಿಯುತ್ತಾರೆ ಗೊತ್ತೇ? ಗಾಳಿ ಊದುವುದನ್ನು. ಫೂ, ಫೂ, ಫೂ. ಬರೀ ಗಾಳಿ. ತುಟಿ ಮರಗಟ್ಟುವವರೆಗೆ ಊದುವುದು, ತಲೆ ಗಿರ್ ಅಂದಾಗ ಹೊಸ್ತಿಲ ಮೇಲೆ ಕಣ್ಣು ಮುಚ್ಚಿ ಕೂರುವುದು, ಮತ್ತೆ ಊದುವುದು. ನಾನು ಸುಮ್ಮನಿರುವ ಪೈಕಿಯವಳಲ್ಲ.

"ಕಂಟ್ರೋಲರ್ ಸಾಹೇಬ್ರ, ಅದು ಕೊಳಲ ಅಲ್ರಿ, ಊದುಗೊಳವಿ. ಇತ್ತಾಗ ಕೊಡ್ರಿ, ನನ್ನ ಒಲಿ ಹತ್ತವಲ್ತು."

ಪಾಳಿಯಲ್ಲಿದ್ದ ಹೆಣ್ಣುಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವರೂ ಅವತ್ತು ನಮ್ಮೆದುರಿಗೇ ನಕ್ಕರು. ನಕ್ಕ ಬಾಯನ್ನೇ ಮತ್ತೆ ಪೈಪಿಗೆ ಹಚ್ಚಿ ಊದಿದಾಗ, ದೇವರಾಣೆ, ದನಿ ಬಂತು. ಸಣ್ಣದು, ನಡುಗುವ ದನಿ. ಗಿರಣಿ ನಡೆಯುತ್ತಲೇ ಇತ್ತು. ಗಿರಣಿಯ ಗುಂಯ್ ಅನ್ನುವುದರ ಮೇಲೆ ಆ ದನಿ ಹೋಗಿ ಕುಳಿತಿತು, ನೀರಿನ ಮೇಲೆ ಎಲೆ ಬಿದ್ದ ಹಾಗೆ. ಅವರು ಗಾಬರಿಯಾಗಿ ಪೈಪು ಕೆಳಗಿಳಿಸಿ ನನ್ನ ಕಡೆ ನೋಡಿದರು.

"ಬಂತಲ್ರಿ! ಅಕ್ಕಾರ, ಬಂತಲ್ರಿ!"

ಅವತ್ತಿನಿಂದ ನನ್ನ ಗಿರಣಿಯೇ ಅವರ ತಂಬೂರಿ. ಗಿರಣಿಯ ದನಿಗೆ ಹೊಂದುವ ಹಾಗೆ ಒಂದೊಂದು ತೂತನ್ನೂ ಸುಡುವುದು, ಸೊಟ್ಟಾದರೆ ಟೇಪು ಸುತ್ತುವುದು, ಮತ್ತೆ ಅರದಿಂದ ಉಜ್ಜುವುದು. ಕರೆಂಟು ಹೋಗಿ ಗಿರಣಿ ನಿಂತರೆ ಅವರ ಕೊಳಲೂ ನಿಲ್ಲುತ್ತಿತ್ತು, ಅರ್ಧ ಸ್ವರದಲ್ಲಿ. "ಗಿರಣಿ ನಿಂತ್ರ ಎಲ್ಲಿ ಬೆರಳಿಡಬೇಕನ್ನೋದ ಮರತ ಹೊಕ್ಕೈತ್ರಿ" ಅನ್ನುತ್ತಿದ್ದರು. ಕರೆಂಟು ಸಣ್ಣದಾಗಿ ದನಿ ಇಳಿದರೆ, "ಇವತ್ತ ಗಿರಣಿಗೆ ನೆಗಡಿ ಬಂದೈತೇನ್ರಿ?" ಅಂತ ಗೋಡೆಯಾಚೆಯಿಂದಲೇ ವಿಚಾರಿಸುತ್ತಿದ್ದರು. ಹಿಟ್ಟಿನ ಧೂಳು ಬೆರಳಿಗಂಟಿ ತೂತು ಚೆನ್ನಾಗಿ ಮುಚ್ಚುತ್ತದೆ ಅಂತ ನನಗೆ ಉಪಕಾರ ಬೇರೆ ಹೇಳಿದರು.

ನಮ್ಮ ಓಣಿಯ ಗಂಗವ್ವ ಅನ್ನುವ ಮುದುಕಿಗೆ ಮಾತ್ರ ಇದು ಸೇರುತ್ತಿರಲಿಲ್ಲ. "ಮನ್ಯಾಗ ಸೀಟಿ ಹೊಡದ್ರ ಹಾವು ಬರ್ತಾವಂತ ಹೇಳವಾ ಅವಗ" ಅನ್ನುವಳು. ಹಾವು ಬರಲಿಲ್ಲ. ಒಂದು ಸಲ ಇಲಿಗಳು ಕಡಿಮೆಯಾದವು ಅಂತ ನನಗನ್ನಿಸಿತು. ಅದನ್ನು ಹೇಳಿದ್ದಕ್ಕೆ ಗಂಗವ್ವ ನನ್ನ ಕೂಡೆ ಎರಡು ಸಂತೆಯವರೆಗೆ ಮಾತು ಬಿಟ್ಟಳು.

ಒಂದು ಮಧ್ಯಾಹ್ನ ಪಾಳಿ ಇರಲಿಲ್ಲ. ಯಾವುದೋ ಮನೆಯ ಜೋಳ ನಿಧಾನವಾಗಿ ಬೀಸುತ್ತಿತ್ತು. ಅವರು ಖೋಲಿಯ ಹೊಸ್ತಿಲ ಮೇಲೆ, ನಾನು ಗಿರಣಿಯ ಹೊಸ್ತಿಲ ಮೇಲೆ. ನಡುವೆ ಎರಡು ಮಾರು ಅಂಗಳ. ಯಾವಾಗಲೂ ಅಷ್ಟೇ ದೂರ.

"ಯಾಕ ಇಷ್ಟ ಹಟಾ ಹಿಡದೀರಿ?" ಅಂತ ಕೇಳಿದೆ.

ಕೆಮ್ಮಿದರು. "ಆಯುಷ್ಯ ಪೂರಾ ಮೈಕಿನ್ಯಾಗ ಒಬ್ಬನ ಮಾತಾಡೇನ್ರಿ. ದನಿ ಮಂದೀಗೆ ಹೊಕ್ಕೈತಿ, ಮಂದಿ ದನಿ ನನಗ ಬರಂಗಿಲ್ಲ. ರಿಟೈರ್ ಆಗೂದ್ರೊಳಗ ಒಂದ ಸಲ, ಒಂದ ಸಲ ಸಾಕ್ರಿ, ಬಸವಣ್ಣನ ಗುಡ್ಯಾಗ ಭಜನ್ಯಾಗ ಕುಂತು ಮಂದಿ ದನ್ಯಾಗ ನನ್ನ ದನಿ ಕೂಡಸ್ಬೇಕು."

"ಹಾಡ್ರಿ ಮತ್ತ. ಬಾಯಿ ಇಲ್ಲೇನು?"

"ನಾ ಬಾಯಿ ತಗದ್ರ ಬಸ್ ಬಂತಂತ ಎದ್ದ ಹೊಕ್ಕಾರ್ರಿ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಅವರಿಗೆ ಬೇಕಾಗಿದ್ದು ಅಷ್ಟೇ ಅಂತ ತಿಳಿದು ನನಗೆ ಒಳಗೆ ಒಂಥರಾ ಆಯಿತು. ಅಷ್ಟು ಸಣ್ಣದನ್ನು ಬೇಡುವ ಮನುಷ್ಯನಿಗೆ ಏನು ಹೇಳಬೇಕು?

ಗುಡಿಯಲ್ಲಿ ಭಜನೆಯ ಕಡೆಗೆ ಹಾಡುವ ಮಂಗಳದ ಪದವೊಂದಿದೆ. ಅದನ್ನೇ ಹಿಡಿದು ಬೇಸಿಗೆ, ಮಳೆಗಾಲ ಎರಡನ್ನೂ ಕಳೆದರು. ಶ್ರಾವಣದ ಒಂದು ಸೋಮವಾರ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಪೈಪನ್ನು ಹೆಗಲಿಗೆ ಹಾಕುವ ಹೊಸ ವಲ್ಲಿಯಲ್ಲಿ ಸುತ್ತಿಕೊಂಡು ಗುಡಿಗೆ ಹೊರಟರು. ನಾನೂ ಹೋಗಿ ಹೆಣ್ಣುಮಕ್ಕಳ ಕಡೆ ಕುಳಿತೆ.

ಭಜನೆಯ ಹಿರಿಯರು ಕಾಳು ವ್ಯಾಪಾರದ ಮುದುಕರು. ಹಾರ್ಮೋನಿಯಂ ಬಾರಿಸುವುದರಿಂದ ಊರೆಲ್ಲ ಅವರನ್ನು ಪೆಟ್ಟಿಗಿ ಅಜ್ಜಾರು ಅನ್ನುತ್ತದೆ. ಒಳ್ಳೆಯವರು. "ಬರ್ರಿ ಕಂಟ್ರೋಲರ್, ಮುಂದ ಕುಂದರ್ರಿ" ಅಂತ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ಮಂಗಳದ ಪದ ಬಂತು. ಇವರು ಪೈಪು ಎತ್ತಿ ಊದಿದರು.

ಅಯ್ಯೋ ಶಿವನೇ! ಹಾರ್ಮೋನಿಯಂ ಒಂದು ಕಡೆ, ಕೊಳಲು ಒಂದು ಕಡೆ. ಕೊಳಲು ನಮ್ಮ ಖೋಲಿಯಲ್ಲಿ ನುಡಿದ ಹಾಗೆಯೇ ನುಡಿಯಿತು, ಏನೂ ತಪ್ಪಿರಲಿಲ್ಲ. ಆದರೆ ಇಲ್ಲಿ ಅದರ ಕೆಳಗೆ ಗಿರಣಿ ಇರಲಿಲ್ಲವಲ್ಲ. ಅಜ್ಜಾರು ಪದ ನಿಲ್ಲಿಸಿ ಆ ದನಿಯನ್ನು ಪೆಟ್ಟಿಗೆಯಲ್ಲಿ ಹುಡುಕಿದರು. ಕರಿ ಮಣೆ ಒತ್ತಿದರು, ಬಿಳಿ ಮಣೆ ಒತ್ತಿದರು. ಎಲ್ಲೂ ಸಿಗಲಿಲ್ಲ. ಎರಡು ಮಣೆಗಳ ನಡುವೆ ಎಲ್ಲೋ ಇತ್ತು ಅದು.

"ಇದು ಯಾವ ಪಟ್ಟೀರಿ?" ಅಂತ ಕೇಳಿದರು. ನಮ್ಮ ಕಡೆ ಶ್ರುತಿಗೆ ಪಟ್ಟಿ ಅನ್ನುತ್ತಾರೆ.

ಇವರು ಕೆಮ್ಮಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಗಿರಣಿ ಪಟ್ಟೀರಿ."

ಇಡೀ ಗುಡಿ ನಕ್ಕಿತು. ಕೆಟ್ಟ ನಗುವಲ್ಲ, ಹಾಗೆಂದು ನೋವಾಗದ ನಗುವೂ ಅಲ್ಲ. ಕೆಲವರು ತಿರುಗಿ ನನ್ನ ಕಡೆ ನೋಡಿ ನಕ್ಕರು. ನನ್ನ ಕಿವಿ ಬಿಸಿಯಾದವು. ಅವರು ಪೈಪನ್ನು ವಲ್ಲಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಪದ ಮುಗಿಯುವವರೆಗೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ಬಾಯಿ ತೆರೆಯಲಿಲ್ಲ. ಪ್ರಸಾದದ ಸಕ್ಕರೆ ಇಸಿದುಕೊಂಡು ಕಣ್ಣಿಗೊತ್ತಿ ತಿಂದರು.

ದಾರಿಯಲ್ಲಿ ನಾನು ಸಿಟ್ಟಿನಿಂದ ಏನೇನೋ ಅಂದೆ. ಅವರು ಎರಡು ಮಾರು ಹಿಂದೆ ಬರುತ್ತ, "ಬಸ್ ತಪ್ಪಿದ್ರ ಅಳಬಾರದ್ರಿ" ಅಂದರು. ಮುಂದಿನ ಮಾತು ಹೇಳಲಿಲ್ಲ. ಎರಡನೆಯ ಸಲವೂ ಹೇಳಲಿಲ್ಲ.

ಹಾರ್ಮೋನಿಯಮ್ಮಿನ ಪಟ್ಟಿಗೆ ಹೊಂದುವ ಬೇರೆ ಕೊಳಲು ಮಾಡಿಕೊಳ್ಳಿರಿ ಅಂತ ಅಜ್ಜಾರೇ ಹೇಳಿ ಕಳಿಸಿದರು. ಮಾಡಿದರು. ಆದರೆ ಅದನ್ನು ರೂಢಿ ಮಾಡುವುದು ಎಲ್ಲಿ? ಗಿರಣಿ ನಡೆದಾಗ ಗಿರಣಿಯ ದನಿ ಅದರ ಕೂಡೆ ಜಗಳಕ್ಕೆ ನಿಲ್ಲುತ್ತಿತ್ತು. ಗಿರಣಿ ನಿಂತಾಗ ಅವರಿಗೆ ಎಲ್ಲಿ ಬೆರಳಿಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ಕಲಿಸುವ ಗುರು ಇಲ್ಲದೆ ಗೋಡೆಗೆ ಕಿವಿ ಹಚ್ಚಿ ಕಲಿತವರ ಪಾಡು ಅದು. ಹೊಸ ಕೊಳಲು ಬೇಗನೆ ಚೆಂಡುಹೂವಿನ ಗಿಡಕ್ಕೆ ಹೋಯಿತು. ಹಳೆಯದನ್ನೂ ಊದುವುದು ಬಿಟ್ಟರು. ಗಿರಣಿ ತನ್ನಷ್ಟಕ್ಕೆ ಗುಂಯ್ ಅನ್ನುತ್ತಿತ್ತು. ಇಷ್ಟು ವರ್ಷ ಕೇಳಿದ ಸಪ್ಪಳವೇ ಅದು, ಆದರೂ ಏನೋ ಕಡಿಮೆಯಾದ ಹಾಗೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ರಿಟೈರ್ ಆಗುವುದು ದಸರೆಯ ತಿಂಗಳ ಕಡೆಗೆ ಅಂತ ಬಸ್ ಸ್ಟ್ಯಾಂಡಿನವರೇ ಹೇಳಿದರು.

ಆಗ ನಾನು ಪೆಟ್ಟಿಗಿ ಅಜ್ಜಾರ ಅಂಗಡಿಗೆ ಹೋದೆ. "ಈ ಸಲ ಖಂಡೇಪೂಜಿಗೆ ನಮ್ಮ ಗಿರಣ್ಯಾಗ ಭಜನಿ ಮಾಡ್ರಿ ಅಜ್ಜಾರ" ಅಂದೆ. ಅವರು ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ, ಹೂಂ ಅಂದರು.

ಖಂಡೇಪೂಜೆ ಅಂದರೆ ಮಹಾನವಮಿಯ ದಿನ ಮಾಡುವ ಆಯುಧಗಳ ಪೂಜೆ. ಅವತ್ತು ಕತ್ತಿ, ಕುಡುಗೋಲು, ಯಂತ್ರ ಯಾವುದನ್ನೂ ದುಡಿಸಬಾರದು. ನನ್ನ ಗಂಡನಂತೂ ಯಾರೂ ಮರೆತು ಬಟನ್ ಒತ್ತಬಾರದೆಂದು ಗಿರಣಿಯ ಬೆಲ್ಟನ್ನೇ ಕಳಚಿ ದೇವರ ಮುಂದೆ ಇಡುತ್ತಿದ್ದರು. ನಾನೂ ಪ್ರತಿ ವರ್ಷ ಹಾಗೆಯೇ ಮಾಡಿಕೊಂಡು ಬಂದವಳು. ಆ ಸಲ ಬೀಸುವ ಕಲ್ಲು ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿದೆ. ಬೆಲ್ಟು ಕಳಚಲಿಲ್ಲ.

ಭಜನೆಯವರು ಬಂದು ಕುಳಿತರು. ಕಂಟ್ರೋಲರ್ ಮಾತ್ರ ಅಂಗಳದಲ್ಲೇ ನಿಂತಿದ್ದರು. ಇಷ್ಟು ವರ್ಷದಲ್ಲಿ ಅವರು ಗಿರಣಿಯ ಒಳಗೆ ಕಾಲಿಟ್ಟಿರಲಿಲ್ಲ. "ಕೊಳಲ ತಗೊಂಡ ಒಳಗ ಬರ್ರಿ" ಅಂತ ನಾನು ಎಲ್ಲರೆದುರೂ ಕರೆದೆ. ಬಂದರು. ಮಂಗಳದ ಪದಕ್ಕೆ ಮೊದಲು ನಾನು ಎದ್ದು ಬಟನ್ನಿನ ಮೇಲೆ ಬೆರಳಿಟ್ಟೆ.

"ಏ ಏ ಏ, ಏನ್ ಮಾಡಾಕತ್ತಿ ಬೇ?" ಗಂಗವ್ವ ಕೂಗಿದಳು. "ಇವತ್ತ ಯಂತ್ರಕ್ಕ ಸೂಟಿ ಐತಿ!"

"ದುಡಿಯಾಕ ಸೂಟಿ ಐತವ್ವಾ, ಹಾಡಾಕ ಸೂಟಿ ಇಲ್ಲ" ಅಂದು ಬಟನ್ ಒತ್ತಿದೆ. ಗಂಡನ ಫೋಟೋದ ಕಡೆ ನೋಡುವ ಧೈರ್ಯ ಆಗಲಿಲ್ಲ.

ಕಲ್ಲನ್ನು ಸಡಿಲು ಮಾಡಿದ್ದೆ, ಗಿರಣಿ ಖಾಲಿ ತಿರುಗಿತು. ಅವರು ಪೈಪು ಎತ್ತಿದರು, ಊದಲಿಲ್ಲ. ಮುಖ ಸಪ್ಪಗಾಯಿತು. "ಇದಲ್ರಿ ಅಕ್ಕಾರ. ಇದಲ್ರಿ" ಅಂದರು. ಆಗ ನನಗೂ ಹೊಳೆಯಿತು. ಖಾಲಿ ಗಿರಣಿಯ ದನಿ ಏರುತ್ತದೆ. ಅವರು ಕೊಳಲು ಕೂಡಿಸಿದ್ದು ಕಾಳು ಬೀಸುವ ಗಿರಣಿಗೆ. ಕಾಳು ಹಾಕಿದರೆ ಅದು ದುಡಿಮೆ. ನಾನು ಇಷ್ಟು ಮಾಡಿಯೂ ಅಲ್ಲಿಗೆ ಬಂದು ನಿಂತುಬಿಟ್ಟೆನಲ್ಲ ಅಂತ ಅಳು ಬಂತು. ಗಿರಣಿ ಸುಮ್ಮನೆ ತಿರುಗುತ್ತಿತ್ತು.

ಪೆಟ್ಟಿಗಿ ಅಜ್ಜಾರು ಮೊಣಕಾಲು ಹಿಡಿದುಕೊಂಡು ಎದ್ದರು. ಕಳಸದ ಕೆಳಗೆ ಸುರಿದಿದ್ದ ಪೂಜೆಯ ಜೋಳವನ್ನು ಕಳಸ ಸರಿಸಿ ಮೊರಕ್ಕೆ ಬಳಿದುಕೊಂಡು ಬಂದರು.

"ದೇವರ ಮುಂದಿನ ಜೋಳ. ನಾಳೆ ಬನ್ನಿ ಹಬ್ಬಕ್ಕ ಇದ ಹಿಟ್ಟಿನ ರೊಟ್ಟಿ ಮಾಡಿ ಓಣಿಗೆಲ್ಲ ಕೊಡವಾ. ಇದು ದುಡಿಮಿ ಅಲ್ಲ, ಸೇವಾ" ಅಂದು ಗಿರಣಿಯ ಬಾಯಿಗೆ ಸುರಿದರು. ದನಿ ಇಳಿಯಿತು. ನಾನು ಕಲ್ಲು ಬಿಗಿ ಮಾಡಿದೆ. ಇನ್ನೂ ಇಳಿದು ತನ್ನ ಜಾಗಕ್ಕೆ ಬಂತು. ಅಜ್ಜಾರು ಹಾರ್ಮೋನಿಯಮ್ಮಿನ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದರು. "ಪೆಟ್ಟಿಗಿ ತನ್ನ ಪಟ್ಟಿ ಬಿಟ್ಟ ಬರಂಗಿಲ್ಲ. ನಮ್ಮ ಗಂಟಲಕ್ಕ ಏನ ಧಾಡಿ? ನೀವು ಹಿಡೀರಿ ಕಂಟ್ರೋಲರ್, ನಾವು ಬರ್ತೇವಿ."

ಊದಿದರು. ಮೊದಲು ಗಾಳಿ, ಆಮೇಲೆ ದನಿ. ಅಜ್ಜಾರು ಆ ದನಿ ಹಿಡಿದು ಪದ ಎತ್ತಿಕೊಂಡರು, ಉಳಿದವರು ಹಿಂದೆ ಬಂದರು. ತಾಳ, ಚಪ್ಪಾಳೆ, ಗಿರಣಿ, ನಡುವೆ ಆ ಬಿಳಿ ಪೈಪು. ಚೆನ್ನಾಗಿತ್ತು ಅಂತ ಸುಳ್ಳು ಹೇಳಲಾರೆ. ಬೆರಳು ಜಾರಿದವು, ಎರಡು ಕಡೆ ದಮ್ಮು ಸಾಲಲಿಲ್ಲ. ಆದರೆ ಅವರು ಕಣ್ಣು ಮುಚ್ಚಿರಲಿಲ್ಲ. ಊದುತ್ತಲೇ ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದರು, ಎಲ್ಲರೂ ನಿಜವಾಗಿ ತಮ್ಮ ಕೂಡೆ ಹಾಡುತ್ತಿದ್ದಾರೋ ಇಲ್ಲವೋ ಅಂತ. ಕಡೆಯ ನುಡಿಗೆ ಬರುವಷ್ಟರಲ್ಲಿ ಜೋಳ ಮುಗಿಯಿತು. ಗಿರಣಿಯ ದನಿ ಏರಿತು, ಕೊಳಲು ದಾರಿ ತಪ್ಪಿತು. ಅವರು ಪೈಪು ಕೆಳಗಿಟ್ಟು, ಬಾಯಿ ತೆರೆದು ಹಾಡಿಬಿಟ್ಟರು. ಬಸ್ ಸ್ಟ್ಯಾಂಡಿನ ಅದೇ ದನಿ. ಯಾರೂ ಎದ್ದು ಹೋಗಲಿಲ್ಲ.

ಆ ತಿಂಗಳ ಕಡೆಗೆ ಹೊರಟರು. ಒಂದು ಟ್ರಂಕು, ಒಂದು ಹಾಸಿಗೆ, ಆ ಪೈಪು. "ಬರ್ತೇನ್ರಿ ಅಕ್ಕಾರ. ಬರ್ತೇನ್ರಿ" ಅಂದರು. ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ, ಗಿರಣಿಯ ಪಾಳಿಯಲ್ಲಿ ಮಂದಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಕೆಮ್ಮು ಕೇಳಿತು. "ಸವಣೂರಿಗೆ ಹೋಗುವ ಬಸ್ಸು ಒಂದನೇ ಅಂಕಣದಿಂದ ಹೊರಡುತ್ತದೆ." ಎರಡು ಸಲ ಹೇಳಿದರು. ತಮ್ಮ ಬಸ್ಸನ್ನು ತಾವೇ ಕೂಗಿ, ಮೈಕು ಇಟ್ಟು, ಹೋಗಿ ಅದರಲ್ಲಿ ಕುಳಿತರಂತೆ. ಕಳಿಸಲು ಯಾರೂ ಬಂದಿರಲಿಲ್ಲ ಅಂತ ಆಮೇಲೆ ಇದೇ ಕಂಡಕ್ಟರ್ ಹೇಳಿದ.

ಖೋಲಿಗೆ ಬೀಗ ಬಿತ್ತು. ದೀಪಾವಳಿಯಾದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು.

"ಅಕ್ಕಾರ, ಗಿರಣಿ ಚಾಲೂ ಐತೇನ್ರಿ?"

"ಐತ್ರಿ. ಯಾಕ?"

"ಫೋನ್ ಬಂದ್ ಮಾಡಬ್ಯಾಡ್ರಿ. ಹಂಗ ಗಿರಣಿ ಮಗ್ಗಲಕ ಇಡ್ರಿ. ಪೈಪು ಕೈಯಾಗ ಐತ್ರಿ."

ನಗು ಬಂತು. ಫೋನನ್ನು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲಿಟ್ಟೆ. ಆ ಕಡೆ ಅವರು ಊದಿದರೆ ನನಗೇನು ಕೇಳುತ್ತದೆ, ಗಿರಣಿಯ ಗದ್ದಲದಲ್ಲಿ? ಕೇಳಲಿಲ್ಲ. ಆದರೂ ಅವರು ಊದುತ್ತಿದ್ದಾರೆ ಅಂತ ಗೊತ್ತಿತ್ತಲ್ಲ, ಅಷ್ಟು ಸಾಕಾಗುತ್ತಿತ್ತು. ಅದೇ ರೂಢಿಯಾಯಿತು. ಫೋನ್ ಬಂದರೆ ಗೋವಿನಜೋಳದವರನ್ನು ಹಿಂದಕ್ಕೆ ನಿಲ್ಲಿಸಿ ಬಿಳಿಜೋಳ ಸುರಿಯುತ್ತಿದ್ದೆ, ಅದರ ದನಿಯೇ ಅವರಿಗೆ ಹೊಂದುತ್ತಿತ್ತು. ಮಂದಿ ಗೊಣಗಿದರೆ, "ಸುಮ್ನ ನಿಂದರ್ರಿ, ಸವಣೂರಾಗ ಕಂಟ್ರೋಲರ್ ಊದಾಕತ್ತಾರ" ಅಂತ ಗದರುತ್ತಿದ್ದೆ. ಗಂಗವ್ವ ಫೋನಿನ ಹತ್ತಿರ ಬಾಗಿ, "ಹಾವು ಬಂದಾವೇನೋ ತಮ್ಮಾ ಅಲ್ಲೆ?" ಅಂತ ಕೂಗುತ್ತಿದ್ದಳು. ಬೀಸುವುದು ಮುಗಿದ ಮೇಲೆ ಫೋನ್ ಎತ್ತಿಕೊಂಡು, "ಹೆಂಗಾತ್ರಿ ಇವತ್ತ?" ಅಂದರೆ, "ಚಲೋ ಆತ್ರಿ. ಚಲೋ ಆತ್ರಿ" ಅನ್ನುತ್ತಿದ್ದರು. ದನಿ ಬರಬರುತ್ತ ಸಣ್ಣದಾಯಿತು. ಊದಿ ದಣಿದಿದ್ದಾರೆ ಅಂದುಕೊಂಡೆ. ಆಮೇಲೆ ಫೋನ್ ಬರುವುದು ನಿಂತಿತು. ನಾನು ಮಾಡಿದರೆ ಯಾರೂ ಎತ್ತಲಿಲ್ಲ. ಆಮೇಲೆ ಈ ಕಂಡಕ್ಟರ್ ಗೋಧಿ ಹಿಡಿದುಕೊಂಡು ಬಂದ.

ಕಾರ್ಯ ಮುಗಿದ ಮೇಲೆ ಸವಣೂರಿನಿಂದ ಅವರ ಅಕ್ಕ ಬಂದರು. ಬಸ್ ಇಳಿದು, "ಗಿರಣಿ ಯಾವ ಕಡೆ?" ಅಂತ ಕೇಳುತ್ತ ನೆಟ್ಟಗೆ ಇಲ್ಲಿಗೇ. ತಮ್ಮನ ಮೂಗೇ ಇವರದೂ. ವಲ್ಲಿಯ ಗಂಟು ಬಿಚ್ಚಿ ಆ ಪೈಪನ್ನು ನನ್ನ ಕೈಗೆ ಕೊಟ್ಟರು. "ನಿಮಗ ಕೊಡು ಅಂದಿದ್ದವಾ."

ನಾನು ಚಹಾ ಮಾಡಿ ಕೊಟ್ಟೆ. "ಫೋನ್ಯಾಗ ದಿನಾ ಊದ್ತಿದ್ರಲ್ರಿ, ಅಷ್ಟ ಆರಾಮ ಇದ್ದಾರಂತ ತಿಳದಿದ್ದೆ ನಾ" ಅಂದೆ.

ಅವರು ಬಸಿ ಕೆಳಗಿಟ್ಟು ನನ್ನನ್ನು ನೋಡಿದರು. "ಊದೂದು? ಎಲ್ಲಿ ಊದೂದವಾ? ನಮ್ಮಲ್ಲಿಗೆ ಬರೂವಾಗನ ದಮ್ಮಿನ ಬ್ಯಾನಿ ಬಲತಿತ್ತು. ಊದಾಕ ಉಸರೆಲ್ಲಿತ್ತು ಅವಗ? ಫೋನ್ ಕಿವೀಗೆ ಹಿಡ್ಕೊಂಡು, ಆ ಪೈಪು ತೊಡಿ ಮ್ಯಾಲೆ ಇಟ್ಕೊಂಡು ಸುಮ್ನ ಕುಂದರ್ತಿದ್ದ. ಒಮ್ಮೊಮ್ಮೆ ನಗ್ತಿದ್ದ. ಯಾರ ಕೂಡ ಮಾತಾಡಾಕತ್ತಿ ಅಂದ್ರ, ಗಿರಣ್ಯಾಗ ಕುಂತೇನಿ ಅಂತಿದ್ದ."

ಹಿಟ್ಟಿನ ಧೂಳೋ, ಬಸ್ಸಿನ ಹೊಗೆಯೋ, ಯಾವುದು ಅವರ ಉಸಿರು ತಿಂದಿತೋ ಶಿವನೇ ಬಲ್ಲ. ನಾನು ಬಿಳಿಜೋಳ ಸುರಿದು, ಮಂದಿಯನ್ನು ಗದರಿ, ಕೇಳಿಸದ ಕೊಳಲಿಗೆ ಗಿರಣಿ ನಡೆಸುತ್ತಿದ್ದೆ. ಅವರು ಆ ಕಡೆ ಕುಳಿತು ನನ್ನ ಗದರಿಕೆ, ಗಂಗವ್ವನ ಹಾವು, ಪಾಳಿಯ ಜಗಳ, ಎಲ್ಲ ಕೇಳುತ್ತಿದ್ದರು. ಮಂದಿಯ ದನಿ ತಮಗೆ ಬರುವುದಿಲ್ಲ ಅಂದಿದ್ದರಲ್ಲ ಒಂದು ದಿನ, ಕಡೆಗೆ ಅವರಿಗೆ ಬಂದದ್ದು ಆ ದನಿಗಳಷ್ಟೇ. ನಾನು ಒಂದು ಸಲವಾದರೂ ಫೋನಿಗೆ ಬಾಯಿ ಹಚ್ಚಿ "ಊಟ ಆತೇನ್ರಿ?" ಅಂತ ಕೇಳಬಹುದಿತ್ತು ಅಂತ ಈಗ ಅನ್ನಿಸುತ್ತದೆ.

ಅಕ್ಕನನ್ನು ಬಸ್ಸಿಗೆ ಹತ್ತಿಸಿ ಬಂದೆ. ಸ್ಪೀಕರಿನಲ್ಲಿ ಈಗ ಬೇರೆ ಯಾರೋ ಇದ್ದಾರೆ, ಒಂದೇ ಸಲ ಹೇಳಿ ಬಿಡುತ್ತಾರೆ. ಗಂಗವ್ವ ಜೋಳದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಅವಳ ಜೋಳ ಸುರಿದು ಗಿರಣಿ ಹಚ್ಚಿದೆ. ಗುಂಯ್ ಅಂತ ದನಿ ತನ್ನ ಜಾಗಕ್ಕೆ ಬಂದು ನಿಂತಿತು. ಪೈಪು ತೆಗೆದುಕೊಂಡೆ. ಅವರು ಹಿಡಿಯುತ್ತಿದ್ದ ಹಾಗೆ ಹಿಡಿದು, ತುಟಿಗೆ ಹಚ್ಚಿ ಊದಿದೆ. ಫೂ. ಬರೀ ಗಾಳಿ. ಇನ್ನೊಮ್ಮೆ ಊದಿದೆ. ತಲೆ ಗಿರ್ ಅಂತು.

"ಏನ ಬೇ, ಒಲಿ ಊದಾಕತ್ತಿಯೇನು?" ಅಂದಳು ಗಂಗವ್ವ.

"ಹೌದವ್ವಾ" ಅಂದೆ, "ಹತ್ತವಲ್ತು."